ನಿದ್ದೆಗಣ್ಣಿಯ ಮುಖಪುಟ

ಅಪ್ಪನಿಗೆ ನಿದ್ದೆ ಮಾಡದಿದ್ದರೆ ಸಂಬಳ, ಮಗಳಿಗೆ ನಿದ್ದೆ ಮಾಡಿದರೆ ಸಂಬಳ. ಒಂದೇ ಸೂರಿನ ಕೆಳಗೆ ಇಂಥ ಎರಡು ಉದ್ಯೋಗಗಳು ಹೇಗೆ ಕೂಡಿಕೊಂಡವೋ ಆ ದೇವರೇ ಬಲ್ಲ. ಅಪ್ಪ ಒಂದು ಬ್ಯಾಂಕಿನ ರಾತ್ರಿ ಕಾವಲುಗಾರ. ಬೆಳಗ್ಗೆ ಮನೆಗೆ ಬಂದು, ಬೂಟು ಬಿಚ್ಚಿ, ಎರಡು ತುತ್ತು ತಿಂದು, ಕಿಟಕಿಗೆ ಕಂಬಳಿ ಇಳಿಬಿಟ್ಟು ಮಲಗಿಬಿಡುತ್ತಿದ್ದ. ಮಗಳು ಪುಸ್ತಕ ಪ್ರಕಾಶಕರೊಬ್ಬರ ಹತ್ತಿರ ಗ್ರಾಫಿಕ್ ಡಿಸೈನರ್; ಮುಖಪುಟ ಮಾಡುವುದು ಅವಳ ಕೆಲಸ. ಹಸ್ತಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದುವುದು, ಮಧ್ಯಾಹ್ನ ಊಟ ಮುಗಿಸಿ ಮಹಡಿಯ ಕಾಗದದ ಗೋದಾಮಿಗೆ ಹೋಗಿ ಕಟ್ಟುಗಳ ಮೇಲೆ ಮೈಚಾಚುವುದು. ಎದ್ದಾಗ ಕನಸಿನಲ್ಲಿ ಮುಖಪುಟ ಸಿಕ್ಕಿರುತ್ತಿತ್ತು.

"ನಮ್ಮ ಮನೇಲಿ ಒಬ್ಬರು ಕಣ್ಣು ಮುಚ್ಚಿದ್ರೆ ಕೆಲಸ ಹೋಗುತ್ತೆ, ಇನ್ನೊಬ್ಬರು ಕಣ್ಣು ಬಿಟ್ರೆ ಕೆಲಸ ಹೋಗುತ್ತೆ. ಮಧ್ಯೆ ನಾನೊಬ್ಬಳು ರೆಪ್ಪೆ ಬಡೀತಾ ಕೂತಿದ್ದೀನಿ," ಎಂದು ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅಕ್ಕಪಕ್ಕದವರು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಆದರೆ ಅವಳ ನಗುವಿನ ತಳದಲ್ಲಿ ಸ್ವಲ್ಪ ನಾಚಿಕೆಯೂ ಇತ್ತು. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮಲಗುತ್ತಾಳೆ ಎಂದು ಹೇಳಲು ಯಾವ ತಾಯಿಗೆ ಬಾಯಿ ಬರುತ್ತದೆ ಹೇಳಿ.

ಪ್ರಕಾಶಕರ ಆ ಪ್ರೆಸ್ಸಿನಲ್ಲಿ ಅವಳಿಗೆ ನಿದ್ದೆಗಣ್ಣಿ ಎಂದೇ ಹೆಸರು. ಕುಂಭಕರ್ಣನ ತಂಗಿ ಎಂದೂ ಕರೆದು ನೋಡಿದ್ದರು, ಅದು ಉದ್ದವಾಯಿತೆಂದು ಬಿಟ್ಟರು. ಹುಟ್ಟಿದಾಗಿನಿಂದ ಅವಳ ಕಣ್ಣು ಹಾಗೇ, ಅರ್ಧ ಮುಚ್ಚಿದ ಕಿಟಕಿಯ ಹಾಗೆ. ಶಾಲೆಯಲ್ಲಿ ಮೇಷ್ಟ್ರು ಸೀಮೆಸುಣ್ಣ ಎಸೆದು ಎಬ್ಬಿಸಿದ್ದರು. ಕಲಾಶಾಲೆಯಲ್ಲಿ ಎದುರಿಗೆ ಮಡಕೆ ಇಟ್ಟು ಬರೆಯಿರಿ ಎಂದರೆ ಉಳಿದವರು ಮಡಕೆ ಬರೆಯುತ್ತಿದ್ದರು, ಇವಳು ಬೋರ್ಡಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಎದ್ದ ಮೇಲೆ ಬರೆದದ್ದು ಮಾತ್ರ ಆ ಮಡಕೆಯೊಳಗಿನ ಕತ್ತಲೆಯ ಚಿತ್ರ. ಅದಕ್ಕೆ ಬೈಗುಳವೂ ಸಿಕ್ಕಿತು, ಬಹುಮಾನವೂ ಸಿಕ್ಕಿತು.

ಮೊದಲ ನೌಕರಿ ಇದೇ ಕಟ್ಟಡದ ನೆಲಮಾಳಿಗೆಯ ಲೇಬಲ್ ವಿಭಾಗದಲ್ಲಿ. ಸೋಪಿನ ಹೊದಿಕೆ, ಕೆಮ್ಮಿನ ಔಷಧಿಯ ಚೀಟಿ, ಬೆಂಕಿಪೊಟ್ಟಣದ ಚಿತ್ರ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಸದಾ ಟ್ಯೂಬ್‌ಲೈಟು ಉರಿಯುತ್ತಿತ್ತು. ಬಂದ ಗಿರಾಕಿಗಳೆಲ್ಲರದೂ ಒಂದೇ ರಾಗ: "ನಮ್ಮ ಹೆಸರು ಇನ್ನೂ ಸ್ವಲ್ಪ ದೊಡ್ಡದಾಗ್ಲಿ." ಹೆಸರು ದೊಡ್ಡದಾಗುತ್ತಾ ಹೋಗಿ ಸೋಪೇ ಕಾಣದಂತಾಗುತ್ತಿತ್ತು. ಅಲ್ಲಿ ಅವಳಿಗೆ ಒಮ್ಮೆಯೂ ಕನಸು ಬೀಳಲಿಲ್ಲ. ಕೆಮ್ಮಿನ ಔಷಧಿಗೆ ಕತೆಯಿಲ್ಲ, ಕತೆಯಿಲ್ಲದ ಕಡೆ ಕನಸಿಗೆ ಕಾಲಿಡಲು ಜಾಗವಿಲ್ಲ. ಸಂಜೆ ಮನೆಗೆ ಹೋದರೆ ಮೈಯೆಲ್ಲ ದಣಿದು ಮನಸ್ಸು ಮಾತ್ರ ಬರಿದಾಗಿರುತ್ತಿತ್ತು. ಇನ್ನು ಎಷ್ಟು ವರ್ಷ ಹೀಗೇ ಎಂದು ಅವಳಿಗೆ ಅಳು ಬರುತ್ತಿತ್ತು.

ಒಂದು ದಿನ ದಪ್ಪ ಹಾಳೆ ತರಲೆಂದು ಗೋದಾಮಿಗೆ ಹೋದವಳ ಕೈಗೆ, ಮುಖಪುಟಕ್ಕಾಗಿ ಕಾದು ಕೂತಿದ್ದ ಒಂದು ಹಸ್ತಪ್ರತಿ ಸಿಕ್ಕಿತು. ಗಡಿಯಾರ ರಿಪೇರಿ ಮಾಡುವವನೊಬ್ಬನ ಕತೆ. ನಿಂತಲ್ಲೇ ಓದತೊಡಗಿದಳು, ಕೂತು ಓದಿದಳು, ಮುಗಿಸಿ ಅದನ್ನೇ ತಲೆದಿಂಬು ಮಾಡಿಕೊಂಡು ನಿದ್ದೆಹೋದಳು. ಕೆಳಗೆ ಮುದ್ರಣ ಯಂತ್ರದ ಏಕತಾನದ ಸದ್ದು, ಮೇಲೆ ಹೆಂಚಿನ ಸಂದಿನಿಂದ ಬೀಳುವ ಬಿಸಿಲು, ಸುತ್ತ ಬಿಳಿ ಕಾಗದದ ವಾಸನೆ. ಎಚ್ಚರವಾದಾಗ ಕಂಡದ್ದನ್ನು ಒಂದು ರದ್ದಿ ಹಾಳೆಯ ಹಿಂದೆ ಗೀಚಿದಳು: ಖಾಲಿ ಮೇಜು, ಅದರ ಮೇಲೆ ಗಡಿಯಾರವಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ದುಂಡು ಗುರುತು. ಅವಳನ್ನು ಹುಡುಕಿಕೊಂಡು ಬಂದ ಪ್ರಕಾಶಕರು ಬೈಯಲು ಬಾಯಿ ತೆರೆದವರು ಆ ಹಾಳೆ ಕಂಡು ಅದನ್ನೇ ಎತ್ತಿಕೊಂಡು ಹೋದರು. ಪುಸ್ತಕ ಅದೇ ಮುಖಪುಟದಲ್ಲಿ ಹೊರಬಂತು. ಅಂಗಡಿಗೆ ಬೇರೇನೋ ಕೊಳ್ಳಲು ಹೋದವರು ಕೂಡ ಅದನ್ನು ಕೈಗೆತ್ತಿಕೊಂಡು, ಆ ದುಂಡು ಗುರುತನ್ನು ಬೆರಳಿನಿಂದ ಒರೆಸಿ ನೋಡಿದರಂತೆ. ಅಂದಿನಿಂದ ಅವಳು ಮಹಡಿಯವಳಾದಳು.

ಕನಸು ಎಂದರೆ ಸಿನಿಮಾದಂತೆ ಓಡುವುದೆಂದು ತಿಳಿಯಬೇಡಿ. ಮೊದಲು ಬರುತ್ತಿದ್ದುದು ಬಣ್ಣ. ನೀರಿನೊಳಗೆ ಕಣ್ಣು ಬಿಟ್ಟಾಗ ಕಾಣುವಂತೆ, ಎಲ್ಲೆಲ್ಲೂ ಒಂದೇ ಬಣ್ಣ. ಅದರೊಳಗಿಂದ ನಿಧಾನವಾಗಿ ಒಂದು ವಸ್ತು ಮೇಲೆ ಬರುತ್ತಿತ್ತು, ಕುರ್ಚಿಯೋ ಮರವೋ ಯಾರದೋ ಬೆನ್ನೋ. ಅದು ತನ್ನ ಜಾಗ ತಾನೇ ಹುಡುಕಿಕೊಂಡು ನಿಲ್ಲುವವರೆಗೂ ಅವಳು ನಿದ್ದೆಯಲ್ಲೇ ಕಾಯುತ್ತಿದ್ದಳು. ಎದ್ದ ಮೇಲೆ ಯಾರೊಂದಿಗೂ ಮಾತಿಲ್ಲ, ಮುಖ ತೊಳೆಯುವುದಿಲ್ಲ, ನೇರ ಪೆನ್ಸಿಲ್ಲಿಗೆ ಕೈ. ಆಮೇಲಿನದೆಲ್ಲ ಎಚ್ಚರದ ದುಡಿಮೆ. ಪುಸ್ತಕದ ಬೆನ್ನು ಎಷ್ಟು ದಪ್ಪ ಬರುತ್ತದೆ, ಅಂಚು ಕತ್ತರಿಸಿದಾಗ ಚಿತ್ರದಲ್ಲಿ ಏನು ಹೋಗುತ್ತದೆ, ಹೆಸರಿನ ಅಕ್ಷರ ಕೂರಬೇಕೋ ನಿಲ್ಲಬೇಕೋ, ಇದನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಂಪಾಗುವವರೆಗೆ ತಿದ್ದುತ್ತಿದ್ದಳು. ಮಾದರಿ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನಸಿನ ಬಣ್ಣ ಬರಲಿಲ್ಲವೆಂದು ಮುದ್ರಣದವರ ಜೀವ ತಿನ್ನುತ್ತಿದ್ದಳು. ಇದನ್ನು ನೋಡಿದವರು ಕಡಿಮೆ. ಮಲಗಿದ್ದನ್ನು ನೋಡಿದವರೇ ಹೆಚ್ಚು. ಆ ಕೆಲಸ ಅವಳಿಗೆ ಪ್ರಾಣವಾಗಿತ್ತು. ಬೆಳಗ್ಗೆ ಪ್ರೆಸ್ಸಿನ ಮೆಟ್ಟಿಲು ಹತ್ತುವಾಗ ಅವಳಿಗೆ ನಿಜಕ್ಕೂ ಸಂತೋಷವಾಗುತ್ತಿತ್ತು.

ಹಾಲಿನಂಥ ಆ ದಿನಗಳಿಗೆ ಹುಳಿ ಬಿದ್ದದ್ದು ಒಂದು ಪ್ರವಾಸ ಕಥನದಿಂದ. ಅದನ್ನು ಓದಿ ಎಷ್ಟು ಸಲ ಮಲಗಿದರೂ ಕನಸಿನಲ್ಲಿ ಏನೂ ಬರಲಿಲ್ಲ. ಬರೆದವನೇ ಹೋಗಿರದ ಊರುಗಳ ಕತೆ ಅದು ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಪುಸ್ತಕ ತಡವಾಗಿ, ಅಂಗಡಿಗಳವರು ಮುನಿಸಿಕೊಂಡು, ಪ್ರಕಾಶಕರ ತಲೆ ಬಿಸಿಯಾಗಿತ್ತು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಗಡುವು ಎಂದರೆ ಅಪ್ಪ ಅಮ್ಮನನ್ನೂ ನೋಡುವವರಲ್ಲ. ಅವರು ಹೊಸದಾಗಿ ಇನ್ನೊಬ್ಬ ಡಿಸೈನರನ್ನು ತಂದು ಅವಳ ಪಕ್ಕದ ಮೇಜಿನಲ್ಲಿ ಕೂರಿಸಿದರು.

ಅವನು ಬಂದ ವಾರದಲ್ಲೇ ಚುರುಕಪ್ಪ ಎನಿಸಿಕೊಂಡ. ಪುಸ್ತಕದ ಹೆಸರು ಕೇಳಿದರೆ ಸಾಕು, ಚಹಾ ಆರುವುದರೊಳಗೆ ಮೂರು ಮುಖಪುಟ ತಯಾರು. ನದಿಯ ಕತೆಗೆ ನದಿ, ಮನೆಯ ಕತೆಗೆ ಮನೆ. ಕೆಟ್ಟವನೇನಲ್ಲ. ಅವಳು ಗೋದಾಮಿನಿಂದ ಕೆನ್ನೆಯ ಮೇಲೆ ಕಾಗದದ ಅಂಚಿನ ಗೆರೆ ಹೊತ್ತುಕೊಂಡು ಇಳಿದುಬಂದಾಗ ಅವಳಿಗೂ ಒಂದು ಲೋಟ ಚಹಾ ತರಿಸಿಟ್ಟಿರುತ್ತಿದ್ದ. "ಅಕ್ಕ, ನಿಮ್ಮ ನಿದ್ದೆ ನನಗೆ ಸಾಲ ಕೊಡಿ, ನನ್ನ ಸ್ಪೀಡು ನಿಮಗೆ ಕೊಡ್ತೀನಿ," ಎನ್ನುತ್ತಿದ್ದ.

ಯಜಮಾನರು ಅವಳನ್ನು ಕರೆದು ಕೂರಿಸಿಕೊಂಡರು. "ನೋಡಮ್ಮ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಆದರೆ ನಿದ್ದೇನ ನಂಬಿ ಅಂಗಡಿ ನಡೆಸೋಕಾಗಲ್ಲ. ಹಸಿವು ರುಚಿ ಅರಿಯದು, ನಿದ್ರೆ ಸುಖ ಅರಿಯದು ಅಂತಾರೆ. ನಿನ್ನ ನಿದ್ರೆ ಗಡುವನ್ನೂ ಅರಿಯದು. ಈಗ ಒಂದು ಕಾದಂಬರಿ ಬಂದಿದೆ. ಬರೆದವರು ಬಹಳ ಕಟ್ಟುನಿಟ್ಟು. ಇದರ ಮುಖಪುಟ ಹೊತ್ತಿಗೆ ಸರಿಯಾಗಿ, ಅವರು ಒಪ್ಪೋ ಹಾಗೆ ಬಂದ್ರೆ ನೀನು ಮೇಲೇ ಇರು. ಇಲ್ಲ ಅಂದ್ರೆ ಮುಖಪುಟ ಎಲ್ಲ ಅವನೇ ಮಾಡ್ಲಿ. ನೀನು ಕೆಳಗೆ ಲೇಬಲ್ ವಿಭಾಗಕ್ಕೆ ಹೋಗು."

ನೆಲಮಾಳಿಗೆಯ ಆ ಟ್ಯೂಬ್‌ಲೈಟು ಅವಳ ಕಣ್ಣಮುಂದೆ ಬಂತು. "ಆಯ್ತು ಸರ್," ಎಂದು ಹಸ್ತಪ್ರತಿ ಎತ್ತಿಕೊಂಡು ಬಂದಳು.

ಕಾದಂಬರಿ ಬರೆದವರು ನ್ಯಾಯಾಲಯದಲ್ಲಿ ಜೀವಮಾನವೆಲ್ಲ ಟೈಪಿಸ್ಟ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯ ಹೆಂಗಸು. ವಾದಿ ಹೇಳಿದ್ದು, ಪ್ರತಿವಾದಿ ಹೇಳಿದ್ದು, ಸಾಕ್ಷಿ ಹೇಳಿದ್ದು, ಎಲ್ಲವನ್ನೂ ಒಂದಕ್ಷರ ಆಚೀಚೆಯಾಗದಂತೆ ಬಡಿದ ಕೈ. ಕೊನೆಗೆ ತಮ್ಮದೇ ಒಂದು ಮಾತು ಬಡಿಯೋಣವೆಂದು ಈ ಕಾದಂಬರಿ ಬರೆದಿದ್ದರು. ಇಡೀ ಹಸ್ತಪ್ರತಿಯಲ್ಲಿ ಒಂದು ಹೊಡೆದ ಗುರುತಿಲ್ಲ, ತಿದ್ದಿದ ಜಾಗವಿಲ್ಲ. ಕತೆ ಒಬ್ಬ ಹೆಂಗಸಿನದು. ತಮ್ಮಂದಿರನ್ನು ಸಾಕಿ, ಮಲಗಿದ ಮಂಚ ಬಿಟ್ಟೇಳದ ತಾಯಿಯನ್ನು ನೋಡಿಕೊಂಡು, ತಮ್ಮಂದಿರ ಮಕ್ಕಳಿಗೂ ತಲೆ ಬಾಚಿ, ಆ ಮನೆಯ ಮಹಡಿಯ ಕೋಣೆಯಲ್ಲೇ ಅವಳ ತಲೆ ನರೆಯುತ್ತದೆ. ಮಂಚದ ಕೆಳಗೆ ಒಂದು ಚೀಲ ಯಾವಾಗಲೂ ತಯಾರು. ಪ್ರತಿ ಅಧ್ಯಾಯದಲ್ಲೂ ಅವಳು ಹೊರಡುವ ಮನಸ್ಸು ಮಾಡುತ್ತಾಳೆ, ಪ್ರತಿ ಅಧ್ಯಾಯದಲ್ಲೂ ಯಾರಿಗೋ ಜ್ವರ ಬರುತ್ತದೆ.

ನಿದ್ದೆಗಣ್ಣಿ ಓದುತ್ತಾ ಓದುತ್ತಾ ಆ ಹೆಂಗಸಿನ ಹಿಂದೆಯೇ ಮೆಟ್ಟಿಲು ಹತ್ತಿದಳು, ಇಳಿದಳು. ಅವಳಿಗೊಂದು ನಿಯಮವಿತ್ತು: ಕೊನೆಯ ಸಾಲು ಓದುವವರೆಗೆ ಮಲಗಬಾರದು. ಅರ್ಧ ಓದಿ ಮಲಗಿದರೆ ಕನಸು ತನಗೆ ಬೇಕಾದ ದಾರಿ ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಗಡುವು ಕುತ್ತಿಗೆಯ ಮೇಲೆ ಕೂತಿತ್ತು, ಪಕ್ಕದಲ್ಲಿ ಚುರುಕಪ್ಪನ ಬೆರಳುಗಳು ಟಪಟಪ ಎನ್ನುತ್ತಿದ್ದವು, ಆ ಮಧ್ಯಾಹ್ನದ ಬಿಸಿಲೂ ಹಾಗೇ ಇತ್ತು. ಕೊನೆಯ ಅಧ್ಯಾಯಕ್ಕೆ ಬಂದವಳು, ಹೆಂಗಸು ಚೀಲ ಎತ್ತಿಕೊಂಡು ಬಾಗಿಲ ಬಳಿ ಬಂದಳು ಎಂಬ ಸಾಲು ಓದಿ, ಒಂದು ಗಳಿಗೆ ಕಣ್ಣು ಮುಚ್ಚೋಣ ಎಂದುಕೊಂಡಳು.

ಮೊದಲು ಬಣ್ಣ ಬಂತು. ಕಾಫಿಪುಡಿಯಂಥ ಕಂದು, ಎಲ್ಲೆಲ್ಲೂ. ಅದು ಗೋಡೆ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಆ ಗೋಡೆ ಎಷ್ಟು ಹಳೆಯದೆಂದರೆ ಅದಕ್ಕೆ ಕಿವಿಗೊಟ್ಟರೆ ಮಕ್ಕಳ ಅಳು, ಪಾತ್ರೆಯ ಸದ್ದು, ಕೆಮ್ಮು ಎಲ್ಲ ದೂರದಿಂದ ಕೇಳುತ್ತಿತ್ತು. ಗೋಡೆಯ ಬಲತುದಿಯಲ್ಲಿ ಒಂದು ಗೆರೆ ಮೂಡಿತು. ಗೆರೆ ಅಗಲವಾಯಿತು. ಬಾಗಿಲು! ಅದರಾಚೆ ಬೀದಿಯಿಲ್ಲ, ಮರವಿಲ್ಲ, ಬರೀ ಬೆಳಕು, ಹಾಲಿಗೆ ಒಂದು ಚಿಟಿಕೆ ಅರಿಶಿನ ಉದುರಿಸಿದ ಬಣ್ಣದ್ದು. ಹೆಂಗಸು ಎಲ್ಲೂ ಕಾಣಲಿಲ್ಲ. ಹೊಸ್ತಿಲ ಈಚೆ ಅವಳ ಒಂದು ಕಾಲಿನ ಚಪ್ಪಲಿ ಬಿದ್ದಿತ್ತು. ಅವಸರದಲ್ಲಿ ಜಾರಿದ್ದು, ತಿರುಗಿ ಬಂದು ಹಾಕಿಕೊಳ್ಳಲು ಅವಳು ಒಪ್ಪದೆ ಹೋದದ್ದು. ನಿದ್ದೆಗಣ್ಣಿ ಆ ಬಾಗಿಲವರೆಗೆ ತೇಲಿ ಹೋದಳು. ಇನ್ನೇನು ಆಚೆ ಇಣುಕಬೇಕು, ಕೆಳಗೆ ಯಾರೋ ಹಾಳೆಯ ಕಟ್ಟು ದೊಪ್ಪೆಂದು ಕೆಡವಿದರು. ಎಚ್ಚರವಾಯಿತು.

ಎದ್ದಾಗ ಅವಳ ಕಣ್ಣಲ್ಲಿ ನೀರಿತ್ತು. ಎಷ್ಟೋ ಮುಖಪುಟ ಕಂಡಿದ್ದಳು, ಇಂಥದ್ದು ಕಂಡಿರಲಿಲ್ಲ. ಮುಂಬದಿಯಲ್ಲಿ ಕಂದು ಗೋಡೆ, ಬಾಗಿಲು, ಚಪ್ಪಲಿ. ಬಾಗಿಲಿನ ಬೆಳಕು ಪುಸ್ತಕದ ಅಂಚು ದಾಟಿ ಹೊದಿಕೆಯ ಒಳಮಡಿಕೆಗೆ ಹರಿದು, ಹಿಂಬದಿಗೆ ಬರುವಾಗ ಬೆಳಕೇ ಬೆಳಕು, ಬೇರೇನೂ ಇಲ್ಲ. ಹೆಸರಿನ ಅಕ್ಷರಗಳನ್ನು ಗೋಡೆಯ ಕಂದಿಗಿಂತ ಒಂದೇ ಒಂದು ಛಾಯೆ ತಿಳಿಯಾಗಿಸಿ, ಮನೆಯೊಳಗೇ ಉಳಿದವರಂತೆ ಕೆಳಗೆ ಕೂರಿಸಿದಳು. ಗಡುವಿಗೆ ಮೊದಲೇ ಮುಗಿಯಿತು. ಮುದ್ರಣದವನು ಮಾದರಿ ಪ್ರತಿ ಕೈಗೆ ಕೊಡುವಾಗ ಒಂದು ಗಳಿಗೆ ಬಿಡದೆ ಹಿಡಿದುಕೊಂಡಿದ್ದ. ಚುರುಕಪ್ಪ ನೋಡಿ, "ಅಕ್ಕ, ಸಾಲ ಬೇಡ, ನಿಮ್ಮ ಕಾಲು ಹಿಡ್ಕೋತೀನಿ," ಎಂದ. ಈ ಸಂಭ್ರಮದಲ್ಲಿ ಉಳಿದ ಕೊನೆಯ ಹಾಳೆ ಓದುವುದು ಅವಳಿಗೆ ಮರೆತೇಹೋಯಿತು. ಕನಸೇ ಬಂದ ಮೇಲೆ ಪುಸ್ತಕದ ಹಂಗೇನು? ಜಾಣರು ಎಡವುವುದು ಹೀಗೆ ಸಮತಟ್ಟು ನೆಲದಲ್ಲೇ.

ಲೇಖಕಿ ಬಂದರು. ತೆಳ್ಳನೆಯ ಮೈ, ನೆಟ್ಟಗಿನ ಬೆನ್ನು, ಬೆರಳ ತುದಿಗಳು ಮಾತ್ರ ಚಪ್ಪಟೆ. ಯಜಮಾನರು ತಾವೇ ಕುರ್ಚಿ ಎಳೆದು ಕೂರಿಸಿ, ಮುಖಪುಟವನ್ನು ಮೇಜಿನ ಮೇಲೆ ಹರಡಿದರು. ಅವರು ಅದನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇವಳು ಎಲ್ಲಿ?" ಎಂದರು.

"ಹೋಗಿಬಿಟ್ಟಿದ್ದಾಳೆ ಅಮ್ಮ. ಹೊರಗೆ," ಎಂದಳು ನಿದ್ದೆಗಣ್ಣಿ ಖುಷಿಯಿಂದ.

"ಯಾರು ಹೇಳಿದ್ದು ನಿನಗೆ?"

ಲೇಖಕಿ ಹಸ್ತಪ್ರತಿಯ ಕೊನೆಯ ಹಾಳೆ ಎಳೆದು ಅವಳ ಮುಂದೆ ತಳ್ಳಿದರು. ಅವಳು ನಿಂತಲ್ಲೇ ಓದಿದಳು. ಹೆಂಗಸು ಬಾಗಿಲವರೆಗೆ ಬರುತ್ತಾಳೆ, ಚಿಲಕದ ಮೇಲೆ ಕೈಯಿಡುತ್ತಾಳೆ. ಒಳಗಿಂದ ಯಾರೋ ಕರೆಯುತ್ತಾರೆ. ಅವಳು ಚೀಲ ಕೆಳಗಿಟ್ಟು, ಒಳಗೆ ಹೋಗಿ, ಒಲೆ ಹಚ್ಚಿ ನೀರು ಕಾಯಲಿಡುತ್ತಾಳೆ. ಅಷ್ಟೇ, ಮುಗಿಯಿತು.

"ಕೊನೇ ಹಾಳೆ ಓದಿಲ್ಲ ನೀನು," ಎಂದರು ಲೇಖಕಿ. ಪ್ರಶ್ನೆಯಲ್ಲ, ದಾಖಲೆ.

ಸುಳ್ಳು ಹೇಳಬಹುದಿತ್ತು. ಮುಖಪುಟವೆಂದರೆ ಸಂಕೇತ, ಹಾಗೆ ಹೀಗೆ ಎಂದು ಕಲಾಶಾಲೆಯಲ್ಲಿ ಕಲಿತ ಮಾತು ಬೇಕಾದಷ್ಟಿತ್ತು. ಅವಳ ಬಾಯಿಗೆ ಅದೊಂದೂ ಬರಲಿಲ್ಲ. "ಓದಿಲ್ಲ ಅಮ್ಮ. ಬಾಗಿಲ ಹತ್ತಿರ ಬಂದಳು ಅನ್ನೋವರೆಗೂ ಓದಿದೆ. ನಿದ್ದೆ ಬಂತು. ಕನಸಲ್ಲಿ ಅವಳು ಹೋಗಿಬಿಟ್ಟಿದ್ದಳು. ನಾನು ಕಂಡದ್ದನ್ನ ಮಾಡಿದೆ. ತಪ್ಪಾಯ್ತು."

ಯಜಮಾನರು ಹಣೆ ಹಣೆ ಚಚ್ಚಿಕೊಂಡರು. "ಕೇಳಿಸ್ಕೊಂಡ್ರಾ? ಕನಸಂತೆ! ಕ್ಷಮಿಸಿ ಅಮ್ಮ, ನಾಳೇನೇ ಬೇರೆ ಮಾಡಿಸ್ತೀನಿ. ನಮ್ಮಲ್ಲಿ ಇನ್ನೊಬ್ಬ ಇದ್ದಾನೆ, ಅವನು ಎಚ್ಚರವಾಗಿದ್ದಾನೆ."

ಲೇಖಕಿ ಮುಖಪುಟವನ್ನು ಮಡಿಕೆ ಬೀಳದಂತೆ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಹಸ್ತಪ್ರತಿಯ ಕೊನೆಯ ಅಧ್ಯಾಯವನ್ನೂ ಎತ್ತಿಕೊಂಡರು. "ನಾನಾಗಿ ಬಂದು ಹೇಳೋವರೆಗೂ ಏನೂ ಮಾಡಬೇಡಿ," ಎಂದು ಮೆಟ್ಟಿಲಿಳಿದು ಹೋದರು.

ಅವರು ಹೋದದ್ದೇ ತಡ, ನಿದ್ದೆಗಣ್ಣಿಯ ನಿದ್ದೆಯೂ ಹೋಯಿತು. ಇದು ನಗುವ ವಿಷಯವಲ್ಲ. ಸೀಮೆಸುಣ್ಣದ ಪೆಟ್ಟಿಗೂ ಜಗ್ಗದ ನಿದ್ದೆ ಅದು. ಈಗ ಕಾಗದದ ಕಟ್ಟುಗಳ ಮೇಲೆ ಮಲಗಿದರೆ ಹೆಂಚು ಎಣಿಸುವಂತಾಯಿತು. ಯಂತ್ರದ ಸದ್ದು ಜೋಗುಳವಾಗಿದ್ದದ್ದು ಈಗ ಕಿವಿಗೆ ಸುತ್ತಿಗೆಯಾಯಿತು. ಕೈ ಸುಮ್ಮನಿರಲಾರದೆ, ಕಣ್ಣು ಬಿಟ್ಟುಕೊಂಡೇ ಇನ್ನೊಂದು ಮುಖಪುಟ ಮಾಡಿದಳು: ಒಲೆ, ಅದರ ಮೇಲೆ ಪಾತ್ರೆ, ಹಬೆಯ ಹಿಂದೆ ಒಬ್ಬ ಹೆಂಗಸಿನ ಮುಖ. ಅಚ್ಚುಕಟ್ಟಾಗಿತ್ತು, ಕತೆಗೆ ತಕ್ಕಂತೆಯೂ ಇತ್ತು. ಯಜಮಾನರು ನೋಡಿ, "ಇದನ್ನ ಮೊದಲೇ ಮಾಡೋಕೇನಾಗಿತ್ತು?" ಎಂದರು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಯಾರನ್ನೋ ಕೈಯಾರೆ ಒಳಗೆ ತಳ್ಳಿ ಚಿಲಕ ಹಾಕಿದಂತೆ ಸಂಕಟವಾಗುತ್ತಿತ್ತು.

ಒಂದು ಸಂಜೆ ಅಪ್ಪ ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದ. ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಅಂಗಡಿಗಳ ದೀಪ ಒಂದೊಂದಾಗಿ ಹತ್ತುತ್ತಿತ್ತು.

"ಅಪ್ಪ, ನನಗೆ ಹೆದರಿಕೆ ಆಗ್ತಿದೆ. ಮತ್ತೆ ಕೆಳಗೆ ಕಳಿಸಿಬಿಡ್ತಾರೆ. ಅದಕ್ಕಿಂತ ಹೆಚ್ಚಾಗಿ, ಇನ್ನು ನನಗೆ ನಿದ್ದೇನೇ ಬರಲ್ವೇನೋ."

ಅಪ್ಪ ಗಂಟು ಬಿಗಿದ. "ನಿದ್ದೆ ಬರದೇ ಇರೋದು ಹೇಗೆ ಅಂತ ನನ್ನ ಕೇಳು, ಹೇಳಿಕೊಡ್ತೀನಿ. ಬರೋದು ಹೇಗೆ ಅಂತ ನನಗೆಲ್ಲಿ ಗೊತ್ತು?" ಎಂದ. ಇಬ್ಬರೂ ನಕ್ಕರು. ಆಮೇಲೆ ಅವನು ಇನ್ನೊಂದು ಬೂಟಿಗೆ ಕೈಹಾಕಿ, "ಹಗಲು ನಿದ್ದೇಲಿ ನನಗೆ ಕನಸೇ ಬೀಳಲ್ಲ ಮಗಳೇ. ಎಷ್ಟೋ ವರ್ಷ ಆಯ್ತು. ನಿನ್ನ ಪುಸ್ತಕಗಳನ್ನ ನಾನು ಒಂದೂ ಓದಿಲ್ಲ, ನಿನಗೆ ಗೊತ್ತಲ್ಲ. ಬ್ಯಾಂಕಿನಲ್ಲಿ ಕೂತು ಬರೀ ಮೇಲಿನ ಹಾಳೆ ನೋಡ್ತೀನಿ. ಬೆಳಗಾಗೋದೇ ಗೊತ್ತಾಗಲ್ಲ," ಎಂದ. ಟಾರ್ಚು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ಹೊರಟ.

ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ಅಪ್ಪ ಅಷ್ಟು ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಒಳಗೆ ಅಮ್ಮ ಯಂತ್ರ ನಿಲ್ಲಿಸಿದ್ದಳು. ಅವಳಿಗೂ ಕೇಳಿಸಿರಬೇಕು, ಊಟಕ್ಕೆ ಕರೆಯುವಾಗ ಆ ದಿನ ಒಂದೂ ಚುಚ್ಚುಮಾತಿರಲಿಲ್ಲ.

ಗಡುವಿನ ದಿನ ಲೇಖಕಿ ಮತ್ತೆ ಬಂದರು. ಕೈಯಲ್ಲಿ ಚೀಲ, ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ. ಯಜಮಾನರು ಓಡಿಬಂದು ಒಲೆಯ ಮುಖಪುಟ ತೋರಿಸಿದರು. ಲೇಖಕಿ ಅದರ ಮೇಲೆ ಕಣ್ಣಾಡಿಸಿ, "ಸರಿಯಾಗಿದೆ," ಎಂದರು. ಯಜಮಾನರು ಉಸಿರು ಬಿಟ್ಟರು. ನಿದ್ದೆಗಣ್ಣಿ ಉಸಿರು ಹಿಡಿದಳು.

"ಸರಿಯಾಗಿದೆ, ಅದೇ ಅದರ ದೋಷ," ಎಂದು ಲೇಖಕಿ ಹಾಳೆಯನ್ನು ಪಕ್ಕಕ್ಕಿಟ್ಟರು. ಚೀಲದಿಂದ ಮೊದಲಿನ ಮುಖಪುಟ ತೆಗೆದು ಹರಡಿದರು. ಅದರ ಅಂಚುಗಳು ಮೆತ್ತಗಾಗಿದ್ದವು, ಎಷ್ಟೋ ಸಲ ಬಿಚ್ಚಿ ಸುತ್ತಿದ್ದು ತಿಳಿಯುತ್ತಿತ್ತು. "ಕೇಳು ಮಗು. ಜೀವಮಾನ ಪೂರ್ತಿ ಬೇರೆಯವರು ಹೇಳಿದ್ದನ್ನ ಹೇಳಿದ ಹಾಗೇ ಟೈಪು ಮಾಡಿದವಳು ನಾನು. ಒಂದು ಮಾತು ಸೇರಿಸಿಲ್ಲ, ಒಂದು ಬಿಟ್ಟಿಲ್ಲ. ನನ್ನದೇ ಕತೆ ಬರೆಯೋಕೆ ಕೂತಾಗಲೂ ಅದೇ ಚಾಳಿ. ನಡೆದದ್ದನ್ನ ನಡೆದ ಹಾಗೇ ಟೈಪು ಮಾಡಿಬಿಟ್ಟೆ. ಅವಳು ಒಳಗೆ ಹೋಗಿ ನೀರು ಕಾಯಿಸಿದಳು. ಕಾಯಿಸಿದ್ದು ನಿಜ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?"

ಯಜಮಾನರು ಒಲೆಯ ಮುಖಪುಟವನ್ನು ಮೇಜಿನಿಂದ ತೆಗೆದರು. ಲೇಖಕಿ ಮೊದಲಿನ ಮುಖಪುಟದ ಅಂಚನ್ನು ಸವರಿದರು.

"ಇದನ್ನ ಮನೆಗೆ ಒಯ್ದು ಗೋಡೆಗೆ ಅಂಟಿಸಿ ಬೈದೆ. ನಿನ್ನನ್ನೂ ಬೈದೆ. ಆಮೇಲೆ ಆ ಚಪ್ಪಲಿ ನೋಡ್ತಾ ನೋಡ್ತಾ ಒಂದು ದಿನ ನಗು ಬಂತು. ಹೋಗಲಿ ಬಿಡು ಅತ್ಲಾಗೆ, ಒಂದು ಚಪ್ಪಲಿ ತಾನೇ ಅಂದುಕೊಂಡೆ. ಕೊನೇ ಹಾಳೆ ಹರಿದು ಹಾಕಿದೆ. ಚಿಲಕ ತೆಗೆಸಿದೆ, ಹೊಸ್ತಿಲು ದಾಟಿಸಿದೆ. ಅಲ್ಲಿಗೆ ಕೈ ನಿಂತುಹೋಯ್ತು." ಮುಖಪುಟವನ್ನು ತಿರುಗಿಸಿ, ಹಿಂದಿನ ಬರೀ ಬೆಳಕಿನ ಮೇಲೆ ಚಪ್ಪಟೆ ಬೆರಳಿಟ್ಟರು. "ಇಲ್ಲಿ ಯಾಕೆ ಏನೂ ಇಲ್ಲ? ಅವಳು ಎಲ್ಲಿಗೆ ಹೋದಳು?"

"ಗೊತ್ತಿಲ್ಲ ಅಮ್ಮ. ನಾನು ಬಾಗಿಲವರೆಗೂ ಹೋಗಿದ್ದೆ. ಇಣುಕಬೇಕು ಅನ್ನೋಷ್ಟರಲ್ಲಿ ಎಚ್ಚರ ಆಗಿಹೋಯ್ತು."

"ನಾನು ಕಾಣದ್ದನ್ನ ಟೈಪು ಮಾಡೋದು ನನಗೆ ಬರಲ್ಲ. ಇನ್ನು ಕಲಿಯೋ ವಯಸ್ಸೂ ಅಲ್ಲ." ಲೇಖಕಿ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದರು. ಒಳಗಿದ್ದುದು ಒಂದು ಪುಟ್ಟ ಟೈಪ್‌ರೈಟರ್, ಹಾಳೆ ಆಗಲೇ ಸಿಕ್ಕಿಸಿತ್ತು. "ಹೋಗಿ ಮತ್ತೆ ಮಲಗು. ಆಚೆ ಏನಿದೆ ನೋಡ್ಕೊಂಡು ಬಾ. ನೀನು ಹೇಳು, ನಾನು ಟೈಪು ಮಾಡ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ."

ತೊಟ್ಟಿಲಿನಿಂದ ಇಳಿದ ಮೇಲೆ ಅವಳಿಗೆ ಎದ್ದೇಳು ಎಂದವರೇ ಎಲ್ಲ. ಮಲಗು ಎಂದು ಕೇಳಿಕೊಂಡವರು ಇವರೊಬ್ಬರೇ. "ನನಗೀಗ ನಿದ್ದೆ ಬರ್ತಿಲ್ಲ ಅಮ್ಮ, ಬಹಳ ದಿನ ಆಯ್ತು," ಎಂದಳು ಸಣ್ಣದಾಗಿ.

"ಬರುತ್ತೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಇಬ್ಬರೂ ಗೋದಾಮಿನ ಮೆಟ್ಟಿಲು ಹತ್ತಿದರು. ಟೈಪ್‌ರೈಟರನ್ನು ಚುರುಕಪ್ಪ ಹೊತ್ತು ತಂದಿಟ್ಟು, ತನ್ನ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಇಳಿದುಹೋದ. ಲೇಖಕಿ ಒಂದು ಕಟ್ಟಿನ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು, ಕೀಲಿಗಳ ಮೇಲೆ ಬೆರಳು ಹೂಡಿದರು. ನಿದ್ದೆಗಣ್ಣಿ ಬಿಳಿ ಕಾಗದದ ಮೇಲೆ ಮೈಚಾಚಿದಳು. ಹೆಂಚಿನ ಸಂದಿನ ಬಿಸಿಲು ಅವಳ ಕೈಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿದಳು. ಕಂದು ಬಣ್ಣ ಬರಲಿಲ್ಲ. ನೇರವಾಗಿ ಹಾಲುಹಳದಿಯೇ ಬಂತು, ಬೆಚ್ಚಗೆ, ಪಾದದಿಂದ ಏರುತ್ತಾ.

ಕೆಳಗೆ ಇದ್ದಕ್ಕಿದ್ದಂತೆ ಮುದ್ರಣ ಯಂತ್ರ ನಿಂತಿತು. ಹಗಲು ಹೊತ್ತಿನಲ್ಲಿ ಅದು ನಿಂತದ್ದನ್ನು ಆ ಪ್ರೆಸ್ಸಿನಲ್ಲಿ ಯಾರೂ ಕಂಡಿರಲಿಲ್ಲ. ಆ ನಿಶ್ಶಬ್ದದಲ್ಲಿ, ಹಾಳೆ ಒಯ್ಯಲು ಬಂದ ಯಾರನ್ನೋ ಯಜಮಾನರು ಮೆಟ್ಟಿಲ ಬುಡದಲ್ಲೇ ತಡೆದು, ದನಿ ತಗ್ಗಿಸಿ ಗದರುವುದು ನಿದ್ದೆಯ ಅಂಚಿನಲ್ಲಿದ್ದ ಅವಳಿಗೆ ಕೇಳಿಸಿತು.

"ಶ್! ಮೇಲೆ ಹೋಗಬೇಡ. ಅಲ್ಲಿ ಕೆಲಸ ನಡೀತಿದೆ."